ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಗೇಣು ಜಾಗ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ ರೈಲು ನಿಲ್ದಾಣದ ಅಪಘಾತ. ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ತೆರನಾದವನ್ನು ಕೂಡಿಸಿದ್ದೇವೆ. ಗಾಡಿ ಓಡಾಟದ ಪ್ರಶ್ನೆಗಳಿಗೆ ರೈಲು ಸಂಚಾಲನೆ ಬಲ್ಲವರು, ಪರಿಹಾರದ ಪ್ರಶ್ನೆಗಳಿಗೆ ಇಂಥ ಪ್ರಕರಣ ನಡೆಸುವವರು ಉತ್ತರಿಸಿದ್ದಾರೆ.

ನಾನು ದಿನಾ ಶಹಾಬಾದದಿಂದ ಕಲಬುರಗಿಗಿ ಪಾಸ್ ಮ್ಯಾಲ ಓಡಾಡ್ತೀನ್ರಿ. ಗಾಡಿ ಬಿಟ್ಟ ಮ್ಯಾಲ ಓಡಿ ಹತ್ತೋ ಹುಡುಗರು ಭಾಳ ಅದಾರ. ಕೇಳಿದ್ರ, ಗಾಡಿ ಇನ್ನಾ ಸಾವಕಾಶನೇ ಹೊಂಟಿತ್ತು ಅಂತಾರ. ಸಾವಕಾಶ ಇದ್ದಾಗ ಹತ್ತಿದ್ರ ಏನಾಗ್ತದ್ರಿ?

ಕಣ್ಣಿಗೆ ಸಾವಕಾಶ ಕಾಣುವ ಗಾಡಿ ಗಂಟೆಗೆ 10 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 2.8 ಮೀಟರ್. ಬರಿಗೈಯ ಹುಡುಗ ಇಷ್ಟು ಓಡಬಲ್ಲ. ಆದರೆ ಅವನು ಹಿಡಿಕೆಗೆ ಕೈ ಚಾಚಿ, ಕಾಲೆತ್ತಿ ಮೆಟ್ಟಿಲ ಮೇಲೆ ಇಡುವಷ್ಟರಲ್ಲಿ ಗಾಡಿಯ ವೇಗ ಇನ್ನೂ ಏರಿರುತ್ತದೆ, ಅವನ ಓಟ ಮಾತ್ರ ನಿಂತಿರುತ್ತದೆ. ಒಂಟಿ ಕಾಲಲ್ಲಿ ಯಾರೂ ಓಡಲಾರರು.

ಆಗ ಆಗುವುದು ಇಷ್ಟು. ಹಿಡಿಕೆ ಹಿಡಿದ ಕೈ ಗಾಡಿಯ ಜೊತೆ ಮುಂದೆ ಹೋಗುತ್ತದೆ, ಕಾಲು ಪ್ಲಾಟ್‌ಫಾರ್ಮಿನ ಮೇಲೆ ಹಿಂದೆ ಉಳಿಯುತ್ತದೆ. ದೇಹ ಕೀಲಿಗೆ ಸಿಕ್ಕಿದ ಕದದಂತೆ ಗರಕ್ಕನೆ ತಿರುಗಿ ಬೋಗಿಯ ಪಕ್ಕಕ್ಕೆ ಬಡಿಯುತ್ತದೆ. ಮೆಟ್ಟಿಲಿಗೆ ತಾಕಿದ ಕಾಲು ಜಾರಿದರೆ ನೇರ ಕೆಳಗಿನ ಸಂದಿಗೆ ಇಳಿಯುತ್ತದೆ. ಬೆನ್ನಿಗೆ ಚೀಲವಿದ್ದರೆ ಅದರ ಭಾರ ಹಿಂದಕ್ಕೆಳೆಯುತ್ತದೆ, ಇಲ್ಲವೇ ಪಟ್ಟಿ ಬಾಗಿಲ ಕಂಬಿಗೆ ಸಿಕ್ಕು ಎಳೆದೊಯ್ಯುತ್ತದೆ.

ಆ ಸಂದಿ ಎಷ್ಟಿರುತ್ತದೆ? ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಿಂದ 76ರಿಂದ 84 ಸೆಂ.ಮೀ. ಮೇಲಿರುತ್ತದೆ. ಅದರ ಅಂಚು ಹಳಿಜೋಡಿಯ ನಡುಮಧ್ಯದಿಂದ ಸುಮಾರು 1.67 ಮೀಟರ್ ದೂರ. ಬೋಗಿಯ ಅಗಲ ಸುಮಾರು 3.24 ಮೀಟರ್, ಅಂದರೆ ಮಧ್ಯದಿಂದ 1.62. ಲೆಕ್ಕದಲ್ಲಿ ಉಳಿಯುವುದು ಐದು ಸೆಂ.ಮೀ., ಮೂರು ಬೆರಳಗಲ. ಆದರೆ ಅದು ಬೋಗಿ ಅತಿ ಅಗಲ ಇರುವ ಕಡೆಯ ಲೆಕ್ಕ. ಬೋಗಿಯ ಮೈ ಕೆಳಕ್ಕೆ ಬಂದಂತೆ ಒಳಕ್ಕೆ ಬಾಗಿರುತ್ತದೆ, ಬಾಗಿಲ ಮೆಟ್ಟಿಲುಗಳೂ ಒಳಸರಿದಿರುತ್ತವೆ. ಹಾಗಾಗಿ ಕಾಲಿನ ಮಟ್ಟದಲ್ಲಿ ಸಂದಿ ಗೇಣಿಗೆ ಹತ್ತಿರವಾಗಿ, ಕಾಲೇನು, ಸೊಂಟವೇ ಇಳಿಯುವಂತಿರುತ್ತದೆ. ಪ್ಲಾಟ್‌ಫಾರ್ಮ್ ತಿರುವಿನಲ್ಲಿದ್ದರೆ ಇನ್ನೂ ಹೆಚ್ಚು. ಸಣ್ಣ ಸ್ಟೇಷನ್ನುಗಳ ತಗ್ಗು ಪ್ಲಾಟ್‌ಫಾರ್ಮಿನಲ್ಲಿ ಸಂದಿಯ ಭಯ ಕಡಿಮೆ ಎನ್ನುವವರಿದ್ದಾರೆ. ಆದರೆ ಅಲ್ಲಿ ಎರಡು ಮೂರು ಮೆಟ್ಟಿಲು ಏರಬೇಕು, ಜಾರಿದರೆ ತಡೆಯುವ ಗೋಡೆಯೇ ಇಲ್ಲ, ಚಕ್ರವೇ ಎದುರಿಗೆ.

ನಿಮ್ಮ ಹುಡುಗರಿಗೆ ಒಂದೇ ನಿಯಮ ಹೇಳಿಕೊಡಿ: ಚಕ್ರ ಒಂದು ಸುತ್ತು ತಿರುಗಿತು ಅಂದರೆ ಆ ಗಾಡಿ ನಮ್ಮದಲ್ಲ. ವೇಗ ಎಷ್ಟು ಎಂದು ಅಂದಾಜು ಮಾಡಲು ಹೋಗಬಾರದು, ಅಂದಾಜು ತಪ್ಪುವುದೇ ಅಲ್ಲಿ. ಸಿಗ್ನಲ್ ಹಸಿರಾಗಿ, ಹಿಂದಿನಿಂದ ಗಾರ್ಡ್ ಹಸಿರು ಬಾವುಟ ತೋರಿಸಿ, ಮುಂದೆ ಹಾರ್ನ್ ಕೇಳಿತೆಂದರೆ ಕೆಲವೇ ಸೆಕೆಂಡು ಉಳಿದಿವೆ. ಆ ಹೊತ್ತಿಗೆ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದರೆ ಬಾಟಲಿ ಅಲ್ಲೇ ಬಿಟ್ಟು ಬರುವುದಲ್ಲ, ಗಾಡಿಯನ್ನೇ ಬಿಡಬೇಕು. ನಿಂತ ಗಾಡಿಗೆ ಹತ್ತುವಾಗಲೂ ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ, ಒಂದು ಕೈ ಖಾಲಿ ಇರಲಿ. ಮನೆಮಂದಿ ಹೊರಟಾಗ ಗಟ್ಟಿ ಆಳೊಬ್ಬರು ಮೊದಲು ಹತ್ತಬೇಕು, ಆಮೇಲೆ ಮಕ್ಕಳು ಮತ್ತು ವಯಸ್ಸಾದವರು, ಕೊನೆಗೆ ಸಾಮಾನು. ನಮ್ಮಲ್ಲಿ ಮೊದಲು ಗಂಟುಮೂಟೆ ಏರಿಸಿ, ಗಾಡಿ ಅಲುಗಿದ ಮೇಲೆ ಅವ್ವನನ್ನು ಎಳೆದುಕೊಳ್ಳುತ್ತಾರೆ. ಇದು ಮೊದಲು ನಿಲ್ಲಬೇಕು.

ಇಳಿಯುವಾಗಿನ ಅಪಾಯ ಇದರ ತಿರುವುಮುರುವು. ದೇಹಕ್ಕೆ ಗಾಡಿಯ ವೇಗವಿರುತ್ತದೆ, ನೆಲಕ್ಕೆ ತಾಕಿದ ಪಾದ ತಟ್ಟನೆ ನಿಲ್ಲುತ್ತದೆ, ಮೇಲಿನ ಮೈ ಮುಂದಕ್ಕೆ ಬೀಳುತ್ತದೆ. ಗಾಡಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಇಳಿದವರು ಹಿಮ್ಮುಖವಾಗಿ ಬಿದ್ದು ತಲೆಯ ಹಿಂಭಾಗಕ್ಕೆ ಏಟು ಮಾಡಿಕೊಳ್ಳುತ್ತಾರೆ. ಸೀರೆ ಉಟ್ಟವರು ಕಂಬಿ ಹಿಡಿದು ಹಿಂದೆ ಹಿಂದೆ ಇಳಿಯುವುದು ರೂಢಿ, ಆದ್ದರಿಂದ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ನಿದ್ದೆ ಹತ್ತಿ ನಿಮ್ಮ ಸ್ಟೇಷನ್ ದಾಟುತ್ತಿದ್ದರೆ ಮುಂದಿನದರಲ್ಲಿ ಇಳಿದು ವಾಪಸ್ ಬನ್ನಿ.

ಕಣ್ಣೆದುರೇ ಒಬ್ಬರು ಸಂದಿಗೆ ಬಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಏನು ಮಾಡಬೇಕು? ಚೈನ್ ಎಳೆದರೆ ದಂಡ ಬೀಳುವುದಿಲ್ಲವೇ? (ಯಾದಗಿರಿ)

ಚೈನ್ ಇರುವುದೇ ಇದಕ್ಕೆ. ರೈಲ್ವೆ ಕಾಯ್ದೆಯ 141ನೇ ಕಲಮಿನ ಶಿಕ್ಷೆ, ಅಂದರೆ ಒಂದು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಸರಿಯಾದ ಕಾರಣವಿಲ್ಲದೆ ಎಳೆದವರಿಗೆ. ಮನುಷ್ಯ ಗಾಡಿಯ ಕೆಳಗಿದ್ದಾನೆ ಎಂಬುದಕ್ಕಿಂತ ಸರಿಯಾದ ಕಾರಣ ಇನ್ನೊಂದಿಲ್ಲ. ಗಾಡಿಯುದ್ದಕ್ಕೂ ಹಾದ ಬ್ರೇಕ್ ಪೈಪಿನಲ್ಲಿ 5 ಕೆ.ಜಿ. ಒತ್ತಡದ ಗಾಳಿ ಇರುತ್ತದೆ. ಚೈನ್ ಎಳೆದಾಗ ಆ ಗಾಳಿ ಬುಸ್ಸೆಂದು ಹೊರಬರುತ್ತದೆ, ಒತ್ತಡ ಇಳಿದು ಬ್ರೇಕ್ ಹಿಡಿಯುತ್ತದೆ. ಜೋರಾಗಿ ಓಡುವ ಗಾಡಿ ಇದಕ್ಕೆ ಕಿಲೋಮೀಟರ್ ತಿನ್ನಬಹುದು, ಆದರೆ ಆಗತಾನೆ ಹೊರಟ ಗಾಡಿ ಬೇಗ ನಿಲ್ಲುತ್ತದೆ. ಹಿಡಿದು ಜೋರಾಗಿ ಜಗ್ಗಿ, ಜಗ್ಗಿಯೇ ಇರಿ.

ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಎರಡೂ ಕೈ ನೆಟ್ಟಗೆ ಮೇಲೆತ್ತಿ, ಇಲ್ಲವೇ ಕೈಗೆ ಸಿಕ್ಕ ಬಟ್ಟೆ ಜೋರಾಗಿ ಬೀಸಿ ಗಾರ್ಡಿನ ಕಡೆ ಓಡಬೇಕು. ಗಾರ್ಡ್ ಕೊನೆಯ ಬೋಗಿಯಲ್ಲಿ ಪ್ಲಾಟ್‌ಫಾರ್ಮನ್ನೇ ನೋಡುತ್ತಿರುತ್ತಾರೆ, ಅವರ ಕೈಯಲ್ಲೂ ಬ್ರೇಕ್ ಇದೆ.

ಬಿದ್ದವರ ಎದೆ, ತಲೆ ಇನ್ನೂ ಪ್ಲಾಟ್‌ಫಾರ್ಮಿನ ಮೇಲಿದ್ದರೆ ಕಂಕುಳಿಗೆ ಕೈಹಾಕಿ ಪ್ಲಾಟ್‌ಫಾರ್ಮಿನ ನಡುವಿಗೆ ಎಳೆಯಿರಿ. ಪೂರ್ತಿ ಕೆಳಗೆ ಹೋಗಿದ್ದರೆ, ಗಾಡಿ ಚಲಿಸುತ್ತಿರುವಾಗ ಕೈ ಚಾಚಿ ಎಬ್ಬಿಸಬೇಡಿ. ಎದ್ದರೆ ಬೋಗಿ ಬಡಿಯುತ್ತದೆ. ಗೋಡೆಗೆ ಒತ್ತಿ ಅಲುಗಾಡದೆ ಮಲಗು ಎಂದು ಕೂಗಿ ಹೇಳಿ. ಗಾಡಿ ನಿಂತ ಮೇಲೂ, ಅದು ಮತ್ತೆ ಹೊರಡುವುದಿಲ್ಲ ಎಂದು ಗಾರ್ಡ್ ಖಾತ್ರಿಪಡಿಸುವವರೆಗೆ ಯಾರೂ ಕೆಳಗಿಳಿಯಬಾರದು. ಪಕ್ಕದ ಹಳಿಯ ಕಡೆಯಿಂದಂತೂ ಹೋಗಲೇಬಾರದು.

ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ, ನೋಡಲೆಂದು ಪದೇಪದೇ ತೆಗೆಯಬೇಡಿ. ಕೈಕಾಲು ತುಂಡಾಗಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಮೊಣಕಾಲು ಮೊಣಕೈ ಕೀಲು ಬಿಟ್ಟು, ಅಗಲ ಪಟ್ಟಿಯ ಬಟ್ಟೆ ಸುತ್ತಿ, ನಡುವೆ ಕಡ್ಡಿಯಿಟ್ಟು ರಕ್ತ ನಿಲ್ಲುವವರೆಗೆ ತಿರುಚಿ. ಬಿಗಿದ ಸಮಯವನ್ನು ಬರೆದಿಡಿ, ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅದೇ. ದಾರ, ತಂತಿ ಬೇಡ, ಅವು ಮಾಂಸ ಕೊಯ್ಯುತ್ತವೆ. ತುಂಡಾದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಲ್ಲಿಡಿ. ಐಸ್ ನೇರ ತಾಗಬಾರದು. ನೀರು, ಚಹಾ ಕುಡಿಸಬೇಡಿ, ಶಸ್ತ್ರಚಿಕಿತ್ಸೆಗೆ ಅಡ್ಡಿ. ಫೋನ್ ಮಾಡಬೇಕಾದ್ದು ರೈಲ್ವೆ ಸಹಾಯವಾಣಿ 139ಕ್ಕೆ ಮತ್ತು ಆಂಬುಲೆನ್ಸಿನ 108ಕ್ಕೆ. ಎರಡನ್ನೂ ಒಬ್ಬರೇ ಮಾಡಬೇಡಿ, ಇಬ್ಬರು ಹಂಚಿಕೊಳ್ಳಿ.

ವಾಡಿಯಲ್ಲಿ ಸಿಮೆಂಟಿನ ಗೂಡ್ಸ್ ಗಾಡಿ ತಾಸುಗಟ್ಟಲೆ ನಿಲ್ಲುತ್ತದೆ. ಮೇಲ್ಸೇತುವೆ ಸುತ್ತುಬಳಸು. ನಿಂತ ಗಾಡಿಯ ಕೆಳಗೆ ನುಸುಳಿದರೆ ತಪ್ಪೇನು?

ಅದು ಹೊರಡುವುದು ನಿಮಗೆ ಗೊತ್ತಾಗುವುದಿಲ್ಲ. 58 ವ್ಯಾಗನ್ನಿನ ಗೂಡ್ಸ್ ಸುಮಾರು 650 ಮೀಟರ್ ಉದ್ದ. ನೀವು ಹಿಂದಿನ ತುದಿಯಲ್ಲಿದ್ದರೆ ಮುಂದಿನ ಹಾರ್ನ್ ಕೇಳಿಸುವುದೇ ಅನುಮಾನ. ಇನ್ನೊಂದು ಸಂಗತಿ, ವ್ಯಾಗನ್ನುಗಳ ಕೊಂಡಿಗಳಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಇರುತ್ತದೆ. ಎಂಜಿನ್ ಎಳೆದಾಗ ಆ ಸಡಿಲ ಒಂದೊಂದಾಗಿ ಬಿಗಿಯುತ್ತ ಟಣ್ ಟಣ್ ಎಂದು ಹಿಂದಕ್ಕೆ ಓಡಿ ಬರುತ್ತದೆ. ಮುಂದಿನ ವ್ಯಾಗನ್ ಆಗಲೇ ನಡೆಯುತ್ತಿದ್ದರೂ ನಿಮ್ಮ ತಲೆಯ ಮೇಲಿನದು ನಿಂತೇ ಇರುತ್ತದೆ. ಅದರ ಸರದಿ ಬಂದಾಗ ನಿಧಾನ ಹೊರಡುವುದಿಲ್ಲ, ಜಗ್ಗಿದಂತೆ ಜಿಗಿಯುತ್ತದೆ. ಕೊಂಡಿಯ ಮೇಲೆ ಕಾಲಿಟ್ಟು ದಾಟುವವರು ಜಾರಿ ಬೀಳುವುದೂ ಇದೇ ಜಗ್ಗಾಟಕ್ಕೆ.

ನುಸುಳಿ ಆಚೆ ಬಂದರೂ ಗಂಡಾಂತರ ಮುಗಿಯಲಿಲ್ಲ. ಗೂಡ್ಸ್ ಗಾಡಿ ಗೋಡೆಯಂತೆ ಮರೆಯಾಗಿರುವುದರಿಂದ ಪಕ್ಕದ ಹಳಿಯ ಎಕ್ಸ್‌ಪ್ರೆಸ್ ಕಾಣುವುದಿಲ್ಲ. ಗಂಟೆಗೆ 110 ಕಿ.ಮೀ. ಎಂದರೆ ಸೆಕೆಂಡಿಗೆ 30 ಮೀಟರ್, 300 ಮೀಟರ್ ಆಚೆಯ ಗಾಡಿ ಹತ್ತೇ ಸೆಕೆಂಡಿಗೆ ಇಲ್ಲಿರುತ್ತದೆ. ಗಂಟು ಹೊತ್ತ ಹಿರಿಯರಿಗೆ ಎರಡು ಜೋಡಿ ಹಳಿ ದಾಟಲು ಅಷ್ಟು ಹೊತ್ತು ಬೇಕೇ ಬೇಕು. ವ್ಯಾಗನ್ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವವರಿಗೆ ಬೇರೆಯೇ ಮಾತು ಹೇಳಬೇಕು. ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್. ಅದನ್ನು ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೆ ಸಾಕು, ಅದೇ ಹಾರಿ ಹಿಡಿಯುತ್ತದೆ.

ಹಳಿ ದಾಟುವುದು 147ನೇ ಕಲಮಿನ ಅಪರಾಧವೂ ಹೌದು. ಅದಕ್ಕಿಂತ ದೊಡ್ಡ ನಷ್ಟ ಪರಿಹಾರದ್ದು. ಅದನ್ನು ಮುಂದೆ ನೋಡಿ.

ವಂದೇ ಭಾರತ್‌ನಲ್ಲಿ ಅಮ್ಮನನ್ನು ಕೂಡಿಸಿ ಇಳಿಯುವಷ್ಟರಲ್ಲಿ ಬಾಗಿಲು ಹಾಕಿಕೊಂಡರೆ? (ಕಲಬುರಗಿ)

ಒಳಗೇ ಇರಿ. 2024ರ ಮಾರ್ಚಿನಿಂದ ಕಲಬುರಗಿಯಿಂದ ಬೆಂಗಳೂರಿಗೆ ಓಡುತ್ತಿರುವ ಈ ಗಾಡಿಯ ಬಾಗಿಲು ತಾನಾಗಿ ಮುಚ್ಚುತ್ತದೆ, ಕೈಯಿಂದ ತೆರೆಯಲು ಬಡಿದಾಡಬೇಡಿ. ಸಿಬ್ಬಂದಿಗೆ ತಿಳಿಸಿ, ಮುಂದಿನ ನಿಲುಗಡೆಯಲ್ಲಿ ಇಳಿಯಿರಿ. ಟಿಕೆಟಿನ ಹಣ ಕಟ್ಟಬೇಕಾಗಬಹುದು, ಕಟ್ಟಿಬಿಡಿ. ಬಾಗಿಲು ಮುಚ್ಚಿದ ಮೇಲೆ ಗಾಡಿ ಚಲಿಸುವ ಈ ಏರ್ಪಾಡಿನಿಂದಲೇ ಮೊದಲ ಪ್ರಶ್ನೆಯಲ್ಲಿ ಹೇಳಿದ ಅಪಘಾತ ಇಲ್ಲಿ ಆಗುವುದಿಲ್ಲ. ಸಾಮಾನ್ಯ ಬೋಗಿಗಳಿಗೂ ಇಂಥ ಬಾಗಿಲು ಬರಬೇಕು. ದಿನವೂ ಓಡಾಡುವ ಬಡವರು ಕೂರುವುದು ಅವುಗಳಲ್ಲೇ.

ಮಗ ಮುಂಬೈಯಲ್ಲಿ ಲೋಕಲ್ ಟ್ರೈನಿನಲ್ಲಿ ಚರ್ಚ್‌ಗೇಟಿಗೆ ಹೋಗಿ ಬರುತ್ತಾನೆ. ಗಾಡಿ ನಿಲ್ಲದೆ ಪ್ಲಾಟ್‌ಫಾರ್ಮ್ ಏರಿದ್ದನ್ನು ಹಿಂದೆ ಟಿ.ವಿ.ಯಲ್ಲಿ ನೋಡಿದ್ದೆ. ಅದು ಹೇಗೆ ಸಾಧ್ಯ? (ಬೀದರ್)

ನೀವು ನೋಡಿದ್ದು 2015ರ ಜೂನ್ 28ರದ್ದು. ಚರ್ಚ್‌ಗೇಟ್ ಕೊನೆಯ ನಿಲ್ದಾಣ, ಹಳಿ ಅಲ್ಲೇ ಮುಗಿಯುತ್ತದೆ. ಲೋಕಲ್ ಗಾಡಿ ತುದಿಯ ತಡೆಗೆ ಗುದ್ದಿ ಪ್ಲಾಟ್‌ಫಾರ್ಮ್ ಮೇಲೇರಿತು. ಕಲಬುರಗಿ, ಯಾದಗಿರಿಯಂಥ ಕಡೆ ಹಳಿ ಮುಂದಕ್ಕೆ ಹೋಗುವುದರಿಂದ ಬ್ರೇಕ್ ಸ್ವಲ್ಪ ತಡವಾದರೆ ಗಾಡಿ ಮುಂದೆ ಹೋಗಿ ನಿಲ್ಲುತ್ತದೆ. ಕೊನೆಯ ನಿಲ್ದಾಣದಲ್ಲಿ ಆ ಅವಕಾಶ ಇಲ್ಲ.

ಇಂಥದರ ಕಾರಣ ಬಿಡಿಸಿ ತೋರಿಸಿದ್ದು ಅಮೆರಿಕದ ಹೊಬೊಕೆನ್ ಪ್ರಕರಣ. 2016ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಜನ ಕೆಲಸಕ್ಕೆ ಹೋಗುವ ಹೊತ್ತಿಗೆ, ಲೋಕಲ್ ಗಾಡಿಯೊಂದು ಗಂಟೆಗೆ ಸುಮಾರು 13 ಕಿ.ಮೀ. ವೇಗದಲ್ಲಿ ನಿಲ್ದಾಣ ಹೊಕ್ಕಿತು. ಕೊನೆಯ ಅರ್ಧ ನಿಮಿಷದಲ್ಲಿ ವೇಗ ಇಳಿಯುವ ಬದಲು 34ಕ್ಕೆ ಏರಿತು. ತುರ್ತು ಬ್ರೇಕ್ ಬಿದ್ದಾಗ ಗುದ್ದಲು ಒಂದು ಸೆಕೆಂಡೂ ಉಳಿದಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿದ್ದ ಮಹಿಳೆಯೊಬ್ಬರು ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಚಾಲಕನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ತೀವ್ರವಾಗಿತ್ತು, ಅದು ಯಾರಿಗೂ ಪತ್ತೆಯಾಗಿರಲಿಲ್ಲ ಎಂದು ತನಿಖೆ ಹೇಳಿತು. ರಾತ್ರಿ ಗೊರಕೆ ಹೊಡೆದು ಬೆಚ್ಚಿ ಎದ್ದೇಳುವ, ಹಗಲು ತೂಕಡಿಸುವ ಜನ ನಮ್ಮ ಮನೆಗಳಲ್ಲೂ ಇದ್ದಾರೆ. ಬಸ್, ಲಾರಿ, ಗಾಡಿ ಯಾವುದನ್ನೇ ಓಡಿಸುವವರಾಗಿರಲಿ, ಇದನ್ನು ಡಾಕ್ಟರಿಗೆ ತೋರಿಸಬೇಕು.

34 ಕಿ.ಮೀ. ಎಂದರೆ ಕಡಿಮೆಯೇ ಎನ್ನಬೇಡಿ. ಆ ವೇಗದಿಂದ ಒಮ್ಮೆಲೇ ನಿಂತರೆ ಮೈಗೆ ಬೀಳುವ ಏಟು ಸುಮಾರು ನಾಲ್ಕೂವರೆ ಮೀಟರ್ ಎತ್ತರದಿಂದ, ಅಂದರೆ ಮಾಳಿಗೆಗಿಂತ ಮೇಲಿನಿಂದ ಬಿದ್ದದ್ದಕ್ಕೆ ಸಮ. ಗೇಟಿಗೆ ಹತ್ತಿರವೆಂದು ಎಲ್ಲರೂ ಮೊದಲ ಬೋಗಿಗೆ ಸೇರಿ, ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುತ್ತಾರೆ. ನಿಮ್ಮ ಮಗನಿಗೆ ಎರಡು ಮಾತು ಹೇಳಿ: ಕೊನೆಯ ನಿಲ್ದಾಣದಲ್ಲಿ ಗಾಡಿ ನಿಂತ ಮೇಲೆ ಏಳಬೇಕು, ಗಾಡಿಗಾಗಿ ಕಾಯುವಾಗ ಹಳಿ ಮುಗಿಯುವ ಜಾಗದ ನೇರಕ್ಕೆ ನಿಲ್ಲಬಾರದು.

ನಮ್ಮ ಸಂಬಂಧಿಕರು ಒಂದು ನಿಲ್ದಾಣದಲ್ಲಿ ಹತ್ತುವಾಗ ಬಿದ್ದು ತೀರಿಕೊಂಡರು. ಕಿಸೆಯಲ್ಲಿ ಟಿಕೆಟ್ ಸಿಗಲಿಲ್ಲ. ತಪ್ಪು ಅವರದೇ, ಟಿಕೆಟ್ ಬೇರೆ ಇಲ್ಲ, ಏನೂ ಬರುವುದಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ನಿಜವೇ? (ಕಲಬುರಗಿ)

ನಿಜವಲ್ಲ, ದಯವಿಟ್ಟು ಕೈಬಿಡಬೇಡಿ. ಹತ್ತುವಾಗ ಇಳಿಯುವಾಗ ಗಾಡಿಯಿಂದ ಬೀಳುವುದು ರೈಲ್ವೆ ಕಾಯ್ದೆಯ 124-ಎ ಕಲಮಿನಲ್ಲಿ ಬರುತ್ತದೆ. ಇಲ್ಲಿ ರೈಲ್ವೆಯ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಕುಡಿದ ಅಮಲು ಅಥವಾ ಬುದ್ಧಿಭ್ರಮೆ, ಸಹಜ ಕಾಯಿಲೆ, ಇವಿಷ್ಟಿದ್ದರೆ ಮಾತ್ರ ಪರಿಹಾರವಿಲ್ಲ. ಅವಸರದಲ್ಲಿ ಹತ್ತಿದ್ದು ಅಜಾಗರೂಕತೆ ಇರಬಹುದು, ಬೇಕೆಂದೇ ಮಾಡಿಕೊಂಡ ಗಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ರೀನಾ ದೇವಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಶವದ ಬಳಿ ಟಿಕೆಟ್ ಸಿಗಲಿಲ್ಲ ಎಂದ ಮಾತ್ರಕ್ಕೆ ಪ್ರಯಾಣಿಕರಲ್ಲ ಎನ್ನಲಾಗದು ಎಂಬುದೂ ಅದೇ ತೀರ್ಪಿನಲ್ಲಿದೆ. ಮೊದಲು ನೀವು ಅಫಿಡವಿಟ್ ಮೂಲಕ ಪ್ರಯಾಣದ ವಿವರ ಕೊಡಬೇಕು, ಆಮೇಲೆ ಅಲ್ಲವೆಂದು ತೋರಿಸುವ ಹೊಣೆ ರೈಲ್ವೆಯದು.

ಹಾಗಾಗಿ ಪ್ರಯಾಣದ ಕುರುಹು ಹುಡುಕಿ. ಮೊಬೈಲಿನಲ್ಲಿ ತೆಗೆದ ಟಿಕೆಟ್ ಆ್ಯಪ್‌ನಲ್ಲಿ ಉಳಿದಿರುತ್ತದೆ. ಕೌಂಟರಿನಲ್ಲಿ ಫೋನ್‌ಪೇ, ಗೂಗಲ್‌ಪೇ ಮಾಡಿದ್ದರೆ ಸಮಯ ಸಮೇತ ದಾಖಲೆ ಸಿಗುತ್ತದೆ. ಜೊತೆಗಿದ್ದವರು, ಸ್ಟೇಷನ್ನಿಗೆ ಬಿಟ್ಟು ಬಂದವರು ಅಫಿಡವಿಟ್ ಕೊಡಬಹುದು. ಪಂಚನಾಮೆಯಲ್ಲಿ ಶವದ ಮೇಲಿದ್ದ ವಸ್ತುಗಳ ಪಟ್ಟಿ ಇರುತ್ತದೆ, ಅದನ್ನು ಸಾಲುಸಾಲಾಗಿ ಓದಿ. ಟಿಕೆಟ್ ಚೂರು ಅಲ್ಲೇ ನಮೂದಾಗಿದ್ದೂ ಮನೆಯವರು ಗಮನಿಸದೆ ಇರುವುದುಂಟು.

ಎಲ್ಲಕ್ಕಿಂತ ತೂಕದ್ದು ಮೊದಲ ದಿನದ ಕಾಗದದಲ್ಲಿನ ಒಂದು ಪದ. ಸ್ಟೇಷನ್ ಮಾಸ್ಟರ್ ರೈಲ್ವೆ ಪೊಲೀಸರಿಗೆ ಕೊಡುವ ಮೆಮೊದಲ್ಲಿ 'ಗಾಡಿಯಿಂದ ಬಿದ್ದು' ಎಂದಿದೆಯೋ, 'ಹಳಿ ದಾಟುವಾಗ ಗಾಡಿ ಬಡಿದು' ಎಂದಿದೆಯೋ ನೋಡಿ. ಮೊದಲನೆಯದಕ್ಕೆ 124-ಎ ದಾರಿ ತೆರೆಯುತ್ತದೆ. ಎರಡನೆಯದಾದರೆ ಅತಿಕ್ರಮಣ ಎಂದು ರೈಲ್ವೆ ವಾದಿಸುತ್ತದೆ. ನೋಡಿದವರಿದ್ದರೆ ಅವರ ಹೇಳಿಕೆಯನ್ನು ಅದೇ ದಿನ ಬರೆಸಿ. ವಾರ ಕಳೆದ ಮೇಲೆ ಬಂದ ಸಾಕ್ಷಿಗೆ ಆ ಬಲ ಇರುವುದಿಲ್ಲ.

ಬೇಕಾಗುವ ಕಾಗದಗಳು: ರೈಲ್ವೆ ಪೊಲೀಸರ ಎಫ್‌ಐಆರ್ ಅಥವಾ ಅಸಹಜ ಸಾವಿನ ವರದಿ, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ ವರದಿ, ಸ್ಟೇಷನ್ ಮೆಮೊದ ನಕಲು, ಮರಣ ಪ್ರಮಾಣಪತ್ರ, ವಾರಸುದಾರರ ಆಧಾರ್, ರೇಷನ್ ಕಾರ್ಡ್ ಮತ್ತು ಬ್ಯಾಂಕ್ ಪಾಸ್‌ಬುಕ್. ಗಂಡ, ಹೆಂಡತಿ, ಮಕ್ಕಳು ಅರ್ಜಿ ಹಾಕಬಹುದು. ತೀರಿಕೊಂಡವರು ಮದುವೆಯಾಗದವರಾದರೆ ತಂದೆತಾಯಿ. ಮದುವೆಯಾಗಿದ್ದರೂ ಅವರನ್ನೇ ನಂಬಿದ್ದ ತಂದೆತಾಯಿಗೂ ಹಕ್ಕಿದೆ. ಅರ್ಜಿ ಹೋಗಬೇಕಾದ್ದು ರೈಲ್ವೆ ಪರಿಹಾರದ ಪ್ರಕರಣ ನೋಡುವ ನ್ಯಾಯಮಂಡಳಿಗೆ, ಅಂದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ಮೇಲೆ ಬೆಂಗಳೂರು ಪೀಠದಲ್ಲೇ ಹಾಕಬಹುದು. ಕಲಬುರಗಿ ಸೊಲ್ಲಾಪುರ ವಿಭಾಗ, ಬೀದರ್ ಸಿಕಂದರಾಬಾದ್ ವಿಭಾಗ. ಯಾವ ವಿಭಾಗದ ಹದ್ದಿನಲ್ಲಿ ಆಯಿತೋ ಅಲ್ಲಿನ ರೈಲ್ವೆ ತನಿಖಾ ವರದಿ ಬರುತ್ತದೆ, ಅದರ ನಕಲನ್ನೂ ಕೇಳಿ ಪಡೆಯಿರಿ. ಗಡುವು ಒಂದು ವರ್ಷ. ಮೀರಿದ್ದರೆ ತಡವಾದ ಕಾರಣ ಬರೆದು ಮನ್ನಿಸಲು ಕೇಳಬಹುದು.

ಸಾವಿಗೆ ಮೊತ್ತ 8 ಲಕ್ಷ ರೂಪಾಯಿ, 2017ರ ಜನವರಿ 1ರಿಂದ. ಅಂಗ ಕಳೆದುಕೊಂಡವರಿಗೆ ನಷ್ಟದ ಪ್ರಮಾಣದಂತೆ. ತಕ್ಷಣ ಕೊಡುವ ಎಕ್ಸ್‌ಗ್ರೇಷಿಯಾ, ಅಂದರೆ ಅನುಗ್ರಹ ಧನ, ಬೇರೆ. 2023ರ ಸೆಪ್ಟೆಂಬರಿನಿಂದ ಗಾಡಿಗಳೇ ಅಪಘಾತಕ್ಕೀಡಾದರೆ ಸಾವಿಗೆ 5 ಲಕ್ಷ. ನಿಮ್ಮಂಥ ಪ್ರಕರಣದಲ್ಲಿ ಅದು 1.5 ಲಕ್ಷ. ಹಣ ಬರುವುದು ವಾರಸುದಾರರ ಖಾತೆಗೇ. ಅರ್ಧ ನನಗೆ ಎಂದು ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಕೇಳುವ ಮಧ್ಯವರ್ತಿಗಳನ್ನು ಹೊಸ್ತಿಲು ತುಳಿಯಲು ಬಿಡಬೇಡಿ.

ಟಿಕೆಟ್ ಬುಕ್ ಮಾಡುವಾಗ ಬರುವ ಪೈಸೆ ಲೆಕ್ಕದ ವಿಮೆ ತೆಗೆದುಕೊಳ್ಳಬೇಕೇ? (ಹುಮನಾಬಾದ್)

ತೆಗೆದುಕೊಳ್ಳಿ. 45 ಪೈಸೆಗೆ ಸಾವು ಮತ್ತು ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 7.5 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಟ್ರಿಬ್ಯುನಲ್ ಪರಿಹಾರಕ್ಕೆ ಇದು ಅಡ್ಡಬರುವುದಿಲ್ಲ. ಬುಕ್ ಆದ ಮೇಲೆ ವಿಮಾ ಕಂಪನಿಯಿಂದ ಬರುವ ಲಿಂಕ್ ತೆರೆದು ನಾಮಿನಿ ಹೆಸರು ತುಂಬಿ. ಬಹುತೇಕರು ಇದನ್ನೇ ಬಿಡುತ್ತಾರೆ, ಆಮೇಲೆ ಮನೆಯವರು ವಾರಸಾ ಪತ್ರಕ್ಕೆ ಅಲೆಯಬೇಕಾಗುತ್ತದೆ. ಕೌಂಟರ್ ಟಿಕೆಟಿಗೆ, ಜನರಲ್ ಟಿಕೆಟಿಗೆ ಈ ವಿಮೆ ಇಲ್ಲ.

ನಾಲವಾರ ದಾಟಿದ ಮ್ಯಾಲ ಬಾಗಿಲದಾಗ ಕುಂತಾವ ಬಿದ್ರ, ಎಲ್ಲಿ ಬಿದ್ದಾನ ಅಂತ ಹೆಂಗ್ ಹೇಳಬೇಕ್ರಿ? (ಯಾದಗಿರಿ ಜಿಲ್ಲೆ)

ಮೊದಲು ಚೈನ್. ಅದರ ಜೊತೆಗೇ ಹೊರಗೆ ನೋಡಿ: ಹಳಿಯ ಪಕ್ಕದ ವಿದ್ಯುತ್ ಕಂಬಗಳ ಮೇಲೆ ಅಡ್ಡಗೆರೆ ಹಾಕಿದಂತೆ ಎರಡು ಅಂಕಿ ಬರೆದಿರುತ್ತದೆ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ. ಬಿದ್ದ ಕ್ಷಣದಲ್ಲಿ ಕಂಡ ಯಾವುದಾದರೂ ಒಂದು ಅಂಕಿ, ಗಾಡಿ ಯಾವ ದಿಕ್ಕಿಗೆ ಹೊರಟಿತ್ತು, ಬಿದ್ದದ್ದು ಎಡಕ್ಕೋ ಬಲಕ್ಕೋ, ಇಷ್ಟನ್ನು 139ಕ್ಕೆ ಮತ್ತು ಗಾರ್ಡಿಗೆ ಹೇಳಿ. ಅಂಕಿ ಕಾಣದಿದ್ದರೆ ಗಡಿಯಾರ ನೋಡಿಕೊಳ್ಳಿ. ನಾಲವಾರ ಬಿಟ್ಟು ಎಷ್ಟು ನಿಮಿಷ ಆಯಿತು ಎಂದರೂ ಅವರು ಜಾಗ ಅಂದಾಜಿಸುತ್ತಾರೆ. ರಾತ್ರಿಯಾದರೆ, ಅದೇ ಹಳಿಯಲ್ಲಿ ಹಿಂದೆ ಬರುವ ಗಾಡಿಯನ್ನು ತಡೆಯಿರಿ ಎಂದು ಮೊದಲ ವಾಕ್ಯದಲ್ಲೇ ಹೇಳಿ.